ಬಳಸಿ ಎಸೆಯುವ ವೇಪ್: ದಿನನಿತ್ಯದ ಬಳಕೆಗೆ ಯೋಗ್ಯವೇ?

ಗಲ್ಫಿನಿಂದ ರಜೆಯಲ್ಲಿ ಊರಿಗೆ ಬಂದಿದ್ದ ಹಳೆಯ ವಿದ್ಯಾರ್ಥಿಯೊಬ್ಬ ಕೆಲವು ತಿಂಗಳ ಹಿಂದೆ ನಮ್ಮ ಮನೆಗೆ ಬಂದಿದ್ದ. ಹತ್ತನೆಯ ತರಗತಿಯವರೆಗೆ ನಮ್ಮ ಶಾಲೆಯಲ್ಲಿಯೇ ಕನ್ನಡ ಮಾಧ್ಯಮದಲ್ಲಿ ಕಲಿತವನು. ಈಗ ಮೂವತ್ತರ ಸಮೀಪದ ಗೃಹಸ್ಥ. ಮಾತಿನ ನಡುವೆ ಅಂಗಿಯ ಜೇಬಿನಿಂದ ಬೆರಳುದ್ದದ, ತಿಳಿನೀಲಿ ಬಣ್ಣದ ವಸ್ತುವೊಂದನ್ನು ತೆಗೆದು ಮೇಜಿನ ಮೇಲಿಟ್ಟ. “ಟೀಚರ್, ಸಿಗರೇಟು ಬಿಟ್ಟೆ. ಈಗ ಇದು ಮಾತ್ರ. ಹೊಗೆಯೂ ಇಲ್ಲ, ವಾಸನೆಯೂ ಇಲ್ಲ. ದಿನಾ ಸೇದಿದರೆ ತೊಂದರೆ ಉಂಟಾ?” ಎಂದು ಕೇಳಿದ.

ಪ್ರಶ್ನೆ ಪ್ರಾಮಾಣಿಕವಾದುದಾಗಿತ್ತು. ತಕ್ಷಣಕ್ಕೆ ಉತ್ತರ ನನ್ನ ಬಳಿ ಇರಲಿಲ್ಲ. ಕೈಗೆತ್ತಿಕೊಂಡು ನೋಡಿದರೆ ಅದರ ಮೈಮೇಲೆ ಇಂಗ್ಲಿಷ್, ಅರಬಿ ಮತ್ತು ಚೀನೀ ಅಕ್ಷರಗಳಿದ್ದವು. ಮಾವಿನ ಹಣ್ಣಿನ ಚಿತ್ರವಿತ್ತು. ವಾರ ಕಳೆಯುವಷ್ಟರಲ್ಲಿ ಅಂಥದೇ ಇನ್ನೊಂದು ವಸ್ತು ಅವನ ತಮ್ಮನ ಶಾಲಾಚೀಲದಲ್ಲಿ ಸಿಕ್ಕಿತು. ತಮ್ಮ ಒಂಬತ್ತನೆಯ ತರಗತಿಯ ಹುಡುಗ. ಮನೆಯಲ್ಲಿ ಬೀಡಿ ಕಟ್ಟಿ ಬ್ರಾಂಚಿಗೆ ಕೊಟ್ಟುಬರುವ ಅವನ ತಾಯಿ ಅದನ್ನು ಎರಡು ದಿನ ಮೊದಲೇ ಕಂಡಿದ್ದರಂತೆ. ಪೆನ್‌ಡ್ರೈವ್ ಇರಬೇಕೆಂದು ತಿಳಿದು, ಕಳೆದುಹೋಗದಿರಲೆಂದು ಅವರೇ ಅದನ್ನು ಮಗನ ಪೆನ್ಸಿಲ್ ಪೆಟ್ಟಿಗೆಯೊಳಗೆ ಜೋಪಾನವಾಗಿ ಇರಿಸಿದ್ದರು. ತಂಬಾಕಿನ ವಾಸನೆಯನ್ನು ಮೂವತ್ತು ವರ್ಷಗಳಿಂದ ಬಲ್ಲ ಹೆಣ್ಣುಮಗಳಿಗೆ ನಿಕೋಟಿನ್ ಕಣ್ಣೆದುರಿಗಿದ್ದರೂ ಗುರುತು ಹತ್ತಲಿಲ್ಲ.

ಈ ಲೇಖನ ಆ ಹಳೆಯ ವಿದ್ಯಾರ್ಥಿಯ ಪ್ರಶ್ನೆಗೆ ತಡವಾಗಿ ಬರೆದ ಉತ್ತರ. ಪ್ರಾಯಕ್ಕೆ ಬಂದ ಒಬ್ಬ ವ್ಯಕ್ತಿ ತನ್ನ ದೈನಂದಿನ ಬಳಕೆಗಾಗಿ ಇಂಥ ವಸ್ತುವನ್ನು ಆರಿಸಿಕೊಳ್ಳಬಹುದೇ ಎಂಬುದನ್ನು ಮುಖ್ಯವಾಗಿ ಇಲ್ಲಿ ಪರಿಶೀಲಿಸಿದ್ದೇನೆ. ಮಕ್ಕಳ ವಿಷಯ ಅದರ ಜೊತೆಗೇ ಬರುತ್ತದೆ. ಏಕೆಂದರೆ ದೊಡ್ಡವರ ಜೇಬಿಗೂ ಮಕ್ಕಳ ಚೀಲಕ್ಕೂ ನಡುವೆ ಇರುವುದು ಒಂದೇ ಕೋಣೆಯ ಅಂತರ.

ಏನಿದು, ಹೇಗೆ ಕೆಲಸ ಮಾಡುತ್ತದೆ?

ಇಂದಿನ ರೂಪದ ವಿದ್ಯುನ್ಮಾನ ಸಿಗರೇಟನ್ನು ಚೀನಾದ ಔಷಧತಜ್ಞ ಹೊನ್ ಲಿಕ್ 2003ರ ಹೊತ್ತಿಗೆ ರೂಪಿಸಿದರು. ಮೊದಲು ಬಂದವು ದ್ರವವನ್ನು ಮತ್ತೆ ತುಂಬಿಸಿ, ಬ್ಯಾಟರಿಯನ್ನು ಚಾರ್ಜ್ ಮಾಡಿ ಬಳಸುವಂಥವು. ಈಗ ನಮ್ಮ ಕಣ್ಣಿಗೆ ಬೀಳುತ್ತಿರುವುದು ಅದರ ಸರಳೀಕೃತ ರೂಪ. ಪೊಟ್ಟಣ ಒಡೆದು ನೇರವಾಗಿ ಬಾಯಿಗಿಡುವುದು, ಮುಗಿದ ಮೇಲೆ ಎಸೆಯುವುದು. ಗುಂಡಿ ಒತ್ತುವುದಿಲ್ಲ, ಬೆಂಕಿ ಹಚ್ಚುವುದಿಲ್ಲ.

ಒಳಗಿರುವುದು ಐದಾರು ಭಾಗಗಳು ಮಾತ್ರ. ಒಂದು ಸಣ್ಣ ಲಿಥಿಯಂ ಅಯಾನ್ ಬ್ಯಾಟರಿ, ದ್ರವದಲ್ಲಿ ನೆನೆದ ಹತ್ತಿ ಅಥವಾ ಸ್ಪಂಜು, ಅದರ ನಡುವೆ ಒಂದು ಸುರುಳಿ ತಂತಿ, ಉಸಿರೆಳೆದೊಡನೆ ಒಳಗಿನ ಗಾಳಿಯ ಒತ್ತಡ ಇಳಿಯುವುದನ್ನು ಗುರುತಿಸುವ ಸಂವೇದಕ, ತುದಿಯಲ್ಲಿ ಹೊಳೆಯುವ ಒಂದು ಸಣ್ಣ ದೀಪ. ನಾವು ಉಸಿರೆಳೆದಾಗ ಸಂವೇದಕವು ಬ್ಯಾಟರಿಯನ್ನು ಸುರುಳಿಗೆ ಜೋಡಿಸುತ್ತದೆ. ಸುರುಳಿ ಕ್ಷಣಾರ್ಧದಲ್ಲಿ ಕಾಯುತ್ತದೆ. ಹತ್ತಿಯಲ್ಲಿರುವ ದ್ರವ ಆವಿಯಾಗಿ, ಕೂಡಲೇ ತಣಿದು, ಅತಿಸೂಕ್ಷ್ಮ ಹನಿಗಳ ಮಂಜಿನಂತಾಗಿ ಶ್ವಾಸಕೋಶವನ್ನು ಸೇರುತ್ತದೆ. ಇದನ್ನು ಜನರು ‘ನೀರಿನ ಆವಿ’ ಎನ್ನುತ್ತಾರೆ. ಅನ್ನದ ಪಾತ್ರೆಯಿಂದ ಏಳುವ ಹಬೆಗೂ ಇದಕ್ಕೂ ಸಂಬಂಧವಿಲ್ಲ.

ಆ ದ್ರವದಲ್ಲಿ ಸಾಮಾನ್ಯವಾಗಿ ನಾಲ್ಕು ಬಗೆಯ ಪದಾರ್ಥಗಳಿರುತ್ತವೆ. ಪ್ರೊಪಿಲೀನ್ ಗ್ಲೈಕಾಲ್ ಮತ್ತು ಗ್ಲಿಸರಿನ್ ಎಂಬ ಎರಡು ದ್ರವಗಳು ಮಂಜನ್ನು ಉಂಟುಮಾಡುತ್ತವೆ, ಮೂರನೆಯದು ನಿಕೋಟಿನ್, ನಾಲ್ಕನೆಯದು ಪರಿಮಳ ಮತ್ತು ಸಿಹಿ. ಗ್ಲಿಸರಿನ್ ಕೆಮ್ಮಿನ ಸಿರಪ್ಪಿನಲ್ಲಿಯೂ ಇದೆ, ಹಣ್ಣಿನ ಪರಿಮಳ ಮಿಠಾಯಿಯಲ್ಲಿಯೂ ಇದೆ ಎಂಬ ಸಮಾಧಾನದ ಮಾತು ಮಾರುವವರಿಂದ ಬರುತ್ತದೆ. ತಿನ್ನಲು ಯೋಗ್ಯವೆಂದು ಪರೀಕ್ಷಿಸಿದ ವಸ್ತುವನ್ನು ಕಾಯಿಸಿ ಉಸಿರಾಡಲು ಯೋಗ್ಯವೆಂದು ಯಾರೂ ಅದರಿಂದಲೇ ಹೇಳಲಾಗದು. ಹೊಟ್ಟೆಯ ದಾರಿ ಬೇರೆ, ಶ್ವಾಸಕೋಶದ ದಾರಿ ಬೇರೆ. ಕಡಲೆಹಿಟ್ಟು ಆಹಾರವೇ, ಆದರೆ ಅದನ್ನು ಯಾರೂ ಮೂಗಿಗೆ ಏರಿಸುವುದಿಲ್ಲ.

ನಿಕೋಟಿನ್: ಕರಿಹಲಗೆಯ ಮೇಲಿನ ಒಂದು ಲೆಕ್ಕ

ಪೊಟ್ಟಣದ ಮೇಲೆ ‘2%’ ಅಥವಾ ‘5%’ ಎಂದು ಬರೆದಿರುತ್ತಾರೆ. ನೂರಕ್ಕೆ ಎರಡು, ನೂರಕ್ಕೆ ಐದು ಎಂದರೆ ಅಲ್ಪವೆಂದೇ ಯಾರಿಗೂ ತೋರುತ್ತದೆ. ಏಳನೆಯ ತರಗತಿಯ ಗಣಿತದಿಂದ ಇದನ್ನು ಬಿಡಿಸಿ ನೋಡೋಣ.

ಎರಡು ಶೇಕಡಾ ಎಂದರೆ ಒಂದು ಮಿಲಿಲೀಟರಿನಲ್ಲಿ 20 ಮಿಲಿಗ್ರಾಂ ನಿಕೋಟಿನ್. ಎರಡು ಮಿಲಿಲೀಟರ್ ದ್ರವವಿರುವ ಚಿಕ್ಕ ವೇಪಿನಲ್ಲಿ ಒಟ್ಟು 40 ಮಿಲಿಗ್ರಾಂ. ಒಂದು ಸಿಗರೇಟು ಸೇದಿದಾಗ ದೇಹ ಹೀರಿಕೊಳ್ಳುವ ನಿಕೋಟಿನ್ ಸುಮಾರು 1ರಿಂದ 2 ಮಿಲಿಗ್ರಾಂ. ಅಂದರೆ ಬೆರಳುದ್ದದ ಆ ಚಿಕ್ಕ ವಸ್ತುವಿನಲ್ಲಿರುವುದು ಸರಿಸುಮಾರು ಇಪ್ಪತ್ತು ಸಿಗರೇಟಿನ ಒಂದು ಪ್ಯಾಕಿನಷ್ಟು. ಐದು ಶೇಕಡಾ ಎಂದರೆ ಮಿಲಿಲೀಟರಿಗೆ 50 ಮಿಲಿಗ್ರಾಂ. ಹತ್ತು ಮಿಲಿಲೀಟರ್ ಹಿಡಿಯುವ, ಸಾವಿರಾರು ಎಳೆತಗಳ ಭರವಸೆ ಕೊಡುವ ದೊಡ್ಡ ವೇಪಿನಲ್ಲಿ ಇದು 500 ಮಿಲಿಗ್ರಾಂ ಆಗುತ್ತದೆ. ಅದರಲ್ಲಿ ಎಲ್ಲವೂ ರಕ್ತಕ್ಕೆ ಸೇರುವುದಿಲ್ಲವೆಂಬುದು ನಿಜ. ಹಾಗಿದ್ದರೂ ಜೇಬಿನಲ್ಲಿಟ್ಟುಕೊಂಡು ಓಡಾಡುವ ಪ್ರಮಾಣ ಎಷ್ಟೆಂಬುದು ಸ್ಪಷ್ಟವಾಗುತ್ತದೆ.

ಇಷ್ಟೊಂದು ನಿಕೋಟಿನ್ ಗಂಟಲಿಗೆ ಉರಿ ಹಿಡಿಸಬೇಕಲ್ಲವೇ? ಹಿಡಿಸುತ್ತಿತ್ತು. ಹಳೆಯ ಬಗೆಯ ದ್ರವಗಳಲ್ಲಿ ಪ್ರಮಾಣ ಹೆಚ್ಚಿದಂತೆ ಕೆಮ್ಮು ಬರುತ್ತಿತ್ತು. ಅದು ದೇಹದ ಸ್ವಾಭಾವಿಕ ಎಚ್ಚರಿಕೆ. ಬೆಂಜೋಯಿಕ್ ಆಮ್ಲದಂಥ ಆಮ್ಲವೊಂದನ್ನು ಬೆರೆಸಿ ನಿಕೋಟಿನನ್ನು ಲವಣರೂಪಕ್ಕೆ ತಂದಾಗ ಆ ಉರಿ ಮಾಯವಾಗುತ್ತದೆ. ಅಮೆರಿಕದಲ್ಲಿ 2015ರಲ್ಲಿ ಮಾರುಕಟ್ಟೆಗೆ ಬಂದ ಜೂಲ್ ಈ ವಿಧಾನವನ್ನು ಜನಪ್ರಿಯಗೊಳಿಸಿತು. ನಂತರದ ಬಳಸಿ ಎಸೆಯುವ ವೇಪ್‌ಗಳು ಅದನ್ನೇ ಅನುಸರಿಸಿದವು. ಮೊದಲ ಬೀಡಿ ಸೇದಿದ ಹುಡುಗ ಕೆಮ್ಮಿ ಕಣ್ಣೀರು ಹಾಕುತ್ತಾನೆ. ಎಷ್ಟೋ ಹುಡುಗರು ಅಲ್ಲಿಗೇ ಬಿಟ್ಟದ್ದುಂಟು. ಮಾವಿನ ರುಚಿಯ ಈ ಮಂಜಿನಲ್ಲಿ ಆ ತಡೆ ಇಲ್ಲ.

ದೊಡ್ಡವರ ದಿನನಿತ್ಯದ ಬಳಕೆಯ ದೃಷ್ಟಿಯಿಂದ ಇನ್ನೊಂದು ಅಂಶ ಮುಖ್ಯವಾದುದು. ಸಿಗರೇಟಿಗೆ ಒಂದು ಕೊನೆಯಿದೆ. ತುದಿಯವರೆಗೆ ಉರಿದ ಮೇಲೆ ಅದನ್ನು ಬಿಸಾಡಲೇಬೇಕು. ಇನ್ನೊಂದು ಬೇಕಾದರೆ ಹೊರಗೆ ಹೋಗಬೇಕು, ಕಡ್ಡಿ ಗೀರಬೇಕು, ನಾಲ್ಕು ಜನರ ಕಣ್ಣು ತಪ್ಪಿಸಬೇಕು. ಬೀಡಿಯಂತೂ ಎರಡು ನಿಮಿಷ ಬಿಟ್ಟರೆ ತಾನೇ ಆರಿಹೋಗುತ್ತದೆ. ವೇಪಿಗೆ ಇಂಥ ಯಾವ ನಿಲುಗಡೆಯೂ ಇಲ್ಲ. ಹಾಸಿಗೆಯಲ್ಲಿ, ಶೌಚಾಲಯದಲ್ಲಿ, ಕಾರಿನಲ್ಲಿ, ಕೆಲಸದ ನಡುವೆ ಒಂದೊಂದೇ ಎಳೆತ ನಡೆಯುತ್ತಿರುತ್ತದೆ. ಎಷ್ಟಾಯಿತೆಂಬ ಲೆಕ್ಕ ಸೇದುವವನಿಗೇ ಉಳಿಯುವುದಿಲ್ಲ. ನನ್ನ ವಿದ್ಯಾರ್ಥಿಗೆ ನಾನು ಕೇಳಿದ ಪ್ರಶ್ನೆ ಒಂದೇ: “ಬೆಳಿಗ್ಗೆ ಎದ್ದು ಎಷ್ಟು ಹೊತ್ತಿಗೆ ಮೊದಲ ಸಲ ಸೇದುತ್ತಿ?” ಅವನು ನಕ್ಕು, “ಏಳುವ ಮೊದಲೇ, ಟೀಚರ್. ದಿಂಬಿನ ಅಡಿಯಲ್ಲೇ ಇರುತ್ತದೆ” ಎಂದ. ಸಿಗರೇಟಿನ ಕಾಲದಲ್ಲಿ ಚಹಾ ಕುಡಿದ ಮೇಲೆ ಸೇದುತ್ತಿದ್ದನಂತೆ. ಎದ್ದ ಅರ್ಧ ಗಂಟೆಯೊಳಗೆ ಬೇಕೆನಿಸುವುದು ಬಲವಾದ ಅವಲಂಬನೆಯ ಲಕ್ಷಣವೆಂದು ವೈದ್ಯರು ಗುರುತಿಸುತ್ತಾರೆ. ಅವನು ಸಿಗರೇಟನ್ನು ಬಿಟ್ಟಿದ್ದ. ನಿಕೋಟಿನ್ ಅವನನ್ನು ಮೊದಲಿಗಿಂತ ಬಿಗಿಯಾಗಿ ಹಿಡಿದಿತ್ತು.

ಸಿಗರೇಟಿಗಿಂತ ಮೇಲಲ್ಲವೇ?

ಈ ಪ್ರಶ್ನೆಗೆ ಪ್ರಾಮಾಣಿಕ ಉತ್ತರ ಕೊಡಬೇಕು. ಭಯಪಡಿಸುವುದಕ್ಕಾಗಿ ಸುಳ್ಳು ಹೇಳಿದರೆ ಮುಂದೆ ಸತ್ಯ ಹೇಳಿದಾಗಲೂ ಯಾರೂ ನಂಬುವುದಿಲ್ಲ.

ಸಿಗರೇಟು ಮತ್ತು ಬೀಡಿಗಳ ಅತಿದೊಡ್ಡ ಹಾನಿ ಬರುವುದು ಎಲೆ ಉರಿಯುವುದರಿಂದ. ಉರಿದಾಗ ಟಾರ್ ಮತ್ತು ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತವೆ. ತಂಬಾಕಿನ ಹೊಗೆಯಲ್ಲಿರುವ ಸಾವಿರಾರು ರಾಸಾಯನಿಕಗಳಲ್ಲಿ ಎಪ್ಪತ್ತರಷ್ಟು ಕ್ಯಾನ್ಸರ್ ತರಬಲ್ಲವು. ವೇಪಿನಲ್ಲಿ ಏನೂ ಉರಿಯುವುದಿಲ್ಲವಾದ್ದರಿಂದ ಈ ವಿಷಗಳಲ್ಲಿ ಬಹುಪಾಲು ಇರುವುದಿಲ್ಲ, ಇದ್ದರೂ ಕಡಿಮೆ. ವರ್ಷಗಳಿಂದ ಸಿಗರೇಟು ಸೇದುತ್ತಿದ್ದವರು ಅದನ್ನು ಪೂರ್ತಿಯಾಗಿ ಬಿಟ್ಟು ನಿಯಂತ್ರಿತ ಗುಣಮಟ್ಟದ ವೇಪಿಗೆ ಬದಲಾದರೆ ದೇಹಕ್ಕೆ ಸೇರುವ ವಿಷದ ಪ್ರಮಾಣ ಇಳಿಯುತ್ತದೆ. ಧೂಮಪಾನ ಬಿಡಲು ಇದು ಕೆಲವರಿಗೆ ನೆರವಾಗುತ್ತದೆಂಬುದಕ್ಕೆ ಬಲವಾದ ಆಧಾರವಿದೆಯೆಂದು ಸಂಶೋಧನೆಗಳನ್ನು ಕ್ರೋಡೀಕರಿಸುವ ಕಾಕ್ರೇನ್ ಸಂಸ್ಥೆಯ ವಿಮರ್ಶೆಯೂ ಹೇಳಿದೆ. ಬ್ರಿಟನ್ನಿನ ಆರೋಗ್ಯ ವ್ಯವಸ್ಥೆ ಈ ದಾರಿಯನ್ನು ಒಪ್ಪಿಕೊಂಡಿದೆ.

ಆದರೆ ಈ ಮಾತಿನಲ್ಲಿ ಮೂರು ಷರತ್ತುಗಳು ಅಡಗಿವೆ. ಮೊದಲನೆಯದು, ‘ಪೂರ್ತಿಯಾಗಿ ಬಿಟ್ಟು’ ಎಂಬುದು. ಹಗಲು ವೇಪ್, ಸಂಜೆ ಗೆಳೆಯರೊಡನೆ ಸಿಗರೇಟು ಎಂದಾದರೆ ಲಾಭ ಬಹುಮಟ್ಟಿಗೆ ಕಳೆದುಹೋಗುತ್ತದೆ. ಎರಡನೆಯದು, ‘ಸಿಗರೇಟು ಸೇದುತ್ತಿದ್ದವರು’ ಎಂಬುದು. ಏನನ್ನೂ ಸೇದದ ವ್ಯಕ್ತಿ ಇದನ್ನು ಹಿಡಿದರೆ ಅವನಿಗೆ ಸಿಗುವುದು ಹೊಸದೊಂದು ಚಟ ಮಾತ್ರ. ಮೂರನೆಯದೇ ನಮಗೆ ಅತ್ಯಂತ ಮುಖ್ಯವಾದುದು, ‘ನಿಯಂತ್ರಿತ ಗುಣಮಟ್ಟದ’ ಎಂಬುದು. ಬ್ರಿಟನ್ ಮತ್ತು ಯುರೋಪಿನಲ್ಲಿ ದ್ರವಕ್ಕೆ 2 ಮಿಲಿಲೀಟರ್, ನಿಕೋಟಿನಿಗೆ ಮಿಲಿಲೀಟರಿಗೆ 20 ಮಿಲಿಗ್ರಾಂ ಎಂಬ ಮಿತಿಯಿದೆ. ಒಳಗೇನಿದೆಯೆಂದು ಸರಕಾರಕ್ಕೆ ಮೊದಲೇ ತಿಳಿಸಬೇಕು. ಭಾರತದಲ್ಲಿ ಕಾನೂನುಬದ್ಧ ವೇಪ್ ಎಂಬುದೇ ಇಲ್ಲ. ಇಲ್ಲಿ ಕೈಯಿಂದ ಕೈಗೆ ಬರುವ ಪ್ರತಿಯೊಂದೂ ಕಳ್ಳದಾರಿಯಲ್ಲಿ ಬಂದುದು. ಪೊಟ್ಟಣದ ಮೇಲೆ ಬರೆದದ್ದು ನಿಜವೋ, ಅದು ನಕಲಿಯೋ ಎಂದು ಪರೀಕ್ಷಿಸುವ ಪ್ರಯೋಗಾಲಯವೂ ಇಲ್ಲ, ಕೆಟ್ಟದ್ದಾದರೆ ದೂರು ಕೊಡುವ ಸ್ಥಳವೂ ಇಲ್ಲ.

ಒಳಗಿನದು ತಿಳಿಯದಿರುವುದರ ಅಪಾಯ ಎಷ್ಟೆಂಬುದನ್ನು ಅಮೆರಿಕ 2019ರಲ್ಲಿ ಕಂಡಿತು. ವೇಪ್ ಸೇದುತ್ತಿದ್ದ ಯುವಕರು ಉಸಿರಾಟದ ತೀವ್ರ ತೊಂದರೆಯಿಂದ ಆಸ್ಪತ್ರೆ ಸೇರತೊಡಗಿದರು. 2020ರ ಫೆಬ್ರವರಿಯ ಹೊತ್ತಿಗೆ 2,807 ಪ್ರಕರಣಗಳು, 68 ಸಾವುಗಳು ದಾಖಲಾದವು. ಮುಖ್ಯ ಕಾರಣ, ಗಾಂಜಾದ ಸಾರವನ್ನು ಬೆರೆಸಿ ಅನಧಿಕೃತವಾಗಿ ಮಾರಿದ ದ್ರವಗಳಲ್ಲಿ ಸೇರಿಸಿದ್ದ ವಿಟಮಿನ್ ಇ ಅಸಿಟೇಟ್ ಎಂಬ ಎಣ್ಣೆಯ ಪದಾರ್ಥ. ಸಾಮಾನ್ಯ ನಿಕೋಟಿನ್ ವೇಪ್‌ನಿಂದ ಇದಾಯಿತೆಂದು ಹೇಳುವುದು ಸರಿಯಾಗದು. ಆದರೆ ಸತ್ತವರಿಗೂ ತಾವು ಉಸಿರಾಡುತ್ತಿರುವುದೇನೆಂದು ಗೊತ್ತಿರಲಿಲ್ಲ.

ಉಳಿದ ಅಪಾಯಗಳು ನಿಧಾನದವು. ಹತ್ತಿ ಒಣಗಿದ ಮೇಲೂ ಸೇದುತ್ತಿದ್ದರೆ ಸುರುಳಿ ಅತಿಯಾಗಿ ಕಾದು ಫಾರ್ಮಾಲ್ಡಿಹೈಡ್, ಅಕ್ರೋಲೀನ್‌ನಂಥ ವಿಷಗಳು ಹುಟ್ಟುತ್ತವೆ. ಸುರುಳಿ ಮತ್ತು ಬೆಸುಗೆಯಿಂದ ನಿಕ್ಕಲ್, ಕ್ರೋಮಿಯಂ, ಸೀಸದ ಕಣಗಳು ಮಂಜಿನೊಡನೆ ಬರುವುದನ್ನು ಪರೀಕ್ಷೆಗಳು ತೋರಿಸಿವೆ. ನಿಕೋಟಿನ್ ಹೃದಯದ ಬಡಿತವನ್ನೂ ರಕ್ತದೊತ್ತಡವನ್ನೂ ಏರಿಸುತ್ತದೆ. ಗರ್ಭಿಣಿಯರಲ್ಲಿ ಭ್ರೂಣಕ್ಕೆ ಹಾನಿ ಮಾಡುತ್ತದೆ. ಮಿದುಳು ಇಪ್ಪತ್ತೈದರ ಆಸುಪಾಸಿನವರೆಗೂ ಬೆಳೆಯುತ್ತಿರುವುದರಿಂದ ಹದಿಹರೆಯದವರಲ್ಲಿ ಅದು ಏಕಾಗ್ರತೆಯನ್ನೂ ಕಲಿಕೆಯನ್ನೂ ಕೆಡಿಸುತ್ತದೆ, ಚಟವನ್ನು ಆಳವಾಗಿ ಊರಿಸುತ್ತದೆ. ಈ ವಸ್ತುಗಳು ಬಳಕೆಗೆ ಬಂದು ಎರಡು ದಶಕಗಳಷ್ಟೇ ಆಗಿವೆ. ಬಳಸಿ ಎಸೆಯುವವಂತೂ ಇನ್ನೂ ಈಚಿನವು. ನಲವತ್ತು ವರ್ಷ ಪ್ರತಿದಿನ ಸೇದಿದವರ ಶ್ವಾಸಕೋಶ ಹೇಗಿರುತ್ತದೆಂದು ನೋಡಲು ಅಂಥವರು ಜಗತ್ತಿನಲ್ಲಿ ಇನ್ನೂ ಯಾರೂ ಇಲ್ಲ.

‘ಅಪಾಯವಿಲ್ಲ’ ಎಂಬ ಮಾತನ್ನು ಎಷ್ಟು ನಂಬಬೇಕೆಂಬ ಪಾಠವನ್ನು ಕಾಸರಗೋಡಿನವರಿಗೆ ಹೊರಗಿನವರು ಕಲಿಸಬೇಕಾಗಿಲ್ಲ. ಗೇರು ತೋಟಗಳ ಮೇಲೆ ಎರಡು ದಶಕಗಳ ಕಾಲ ಆಕಾಶದಿಂದ ಎಂಡೋಸಲ್ಫಾನ್ ಸಿಂಪಡಿಸಿದಾಗ ಎಣ್ಮಕಜೆ, ಪಡ್ರೆಯ ಜನರು ಉಸಿರಾಡಿದ್ದು ಅಂಥ ಭರವಸೆಗಳ ನಡುವೆಯೇ. ಆ ದುರಂತವನ್ನೂ ಈ ವಸ್ತುವನ್ನೂ ನಾನು ಒಂದೇ ತಕ್ಕಡಿಯಲ್ಲಿಟ್ಟು ತೂಗುತ್ತಿಲ್ಲ. ಭರವಸೆ ಕೊಟ್ಟವರು ಯಾರು, ಯಾವ ಪರೀಕ್ಷೆಯ ಬಲದಿಂದ ಕೊಟ್ಟರು ಎಂದು ಕೇಳುವ ಅಭ್ಯಾಸವನ್ನು ನಾವು ದುಬಾರಿ ಬೆಲೆ ತೆತ್ತು ಕಲಿತಿದ್ದೇವೆ, ಅದನ್ನು ಮರೆಯಬಾರದು.

ಕಾಯಿದೆ ಏನು ಹೇಳುತ್ತದೆ?

ಗಡಿನಾಡಿನವರಿಗೆ ಕಾನೂನು ಎಂದೊಡನೆ ಬರುವ ಮೊದಲ ಸಂದೇಹ, ‘ಆಚೆ ರಾಜ್ಯದಲ್ಲಿ ಹೇಗೆ?’ ಎಂಬುದು. ತಲಪಾಡಿಯ ಆಚೆ ಒಂದು ಬೆಲೆ, ಈಚೆ ಒಂದು ಬೆಲೆ. ಆಚೆ ಒಂದು ನಿಯಮ, ಈಚೆ ಇನ್ನೊಂದು. ಕರ್ನಾಟಕವು 2016ರಲ್ಲಿಯೇ ಇ-ಸಿಗರೇಟನ್ನು ನಿಷೇಧಿಸಿತ್ತು. ಈಗ ಆ ವ್ಯತ್ಯಾಸದ ಪ್ರಶ್ನೆಯೇ ಇಲ್ಲ. 2019ರ ಸೆಪ್ಟೆಂಬರ್ 18ರಂದು ಕೇಂದ್ರ ಸರಕಾರ ಸುಗ್ರೀವಾಜ್ಞೆ ಹೊರಡಿಸಿತು. ಅದೇ ವರ್ಷದ ಡಿಸೆಂಬರಿನಲ್ಲಿ ಅದು ಸಂಸತ್ತಿನ ಕಾಯಿದೆಯಾಯಿತು. ಮಂಜೇಶ್ವರಕ್ಕೂ ಮಂಗಳೂರಿಗೂ, ತಾಳವಾಡಿಗೂ ಚಾಮರಾಜನಗರಕ್ಕೂ, ಅಕ್ಕಲಕೋಟೆಗೂ ಕಲಬುರಗಿಗೂ ಈ ಕಾಯಿದೆ ಒಂದೇ.

ತಯಾರಿಕೆ, ಆಮದು, ರಫ್ತು, ಸಾಗಾಟ, ಮಾರಾಟ, ಹಂಚಿಕೆ, ಜಾಹೀರಾತು ಎಲ್ಲವೂ ನಿಷಿದ್ಧ. ಮೊದಲ ಅಪರಾಧಕ್ಕೆ ಒಂದು ವರ್ಷದವರೆಗೆ ಸೆರೆ ಅಥವಾ ಒಂದು ಲಕ್ಷ ರೂಪಾಯಿಯವರೆಗೆ ದಂಡ, ಇಲ್ಲವೇ ಎರಡೂ. ಮತ್ತೆ ಮಾಡಿದರೆ ಮೂರು ವರ್ಷದವರೆಗೆ ಸೆರೆ ಮತ್ತು ಐದು ಲಕ್ಷದವರೆಗೆ ದಂಡ. ದಾಸ್ತಾನು ಇಟ್ಟುಕೊಂಡರೆ ಆರು ತಿಂಗಳವರೆಗೆ ಸೆರೆ ಅಥವಾ 50,000 ರೂಪಾಯಿಯವರೆಗೆ ದಂಡ, ಅಥವಾ ಎರಡೂ. ಸೇದುವುದನ್ನೇ ಪ್ರತ್ಯೇಕ ಅಪರಾಧವೆಂದು ಕಾಯಿದೆ ಹೆಸರಿಸಿಲ್ಲ. ಆದರೆ ಸೇದುವವನ ಕೈಗೆ ಅದು ಬರುವ ದಾರಿಗಳೆಲ್ಲವೂ ಅಪರಾಧಗಳೇ. ‘ನಿಕೋಟಿನ್ ಇಲ್ಲ’ ಎಂದು ಬರೆದಿದ್ದರೆ ಪಾರಾಗಬಹುದೆಂಬ ಭಾವನೆಯೂ ತಪ್ಪು. ನಿಕೋಟಿನ್ ಇರಲಿ, ಇಲ್ಲದಿರಲಿ, ಕಾಯಿಸಿ ಉಸಿರಾಡುವ ಇಂಥ ಉಪಕರಣಗಳೆಲ್ಲವೂ ಕಾಯಿದೆಯ ವ್ಯಾಖ್ಯೆಯೊಳಗೆ ಬರುತ್ತವೆ.

ಗಲ್ಫಿನ ಮನೆಗಳವರು ಇದನ್ನು ವಿಶೇಷವಾಗಿ ತಿಳಿದುಕೊಳ್ಳಬೇಕು. ಸಂಯುಕ್ತ ಅರಬ್ ಸಂಸ್ಥಾನದಲ್ಲಿ 2019ರಿಂದ ಇದರ ಮಾರಾಟಕ್ಕೆ ಅನುಮತಿಯಿದೆ. ಅಲ್ಲಿ ಅಂಗಡಿಯಲ್ಲಿ ರಶೀದಿ ಪಡೆದು ಕೊಂಡ ವಸ್ತು, ವಿಮಾನ ಇಳಿದು ಕಸ್ಟಮ್ಸ್ ಮುಂದೆ ನಿಂತೊಡನೆ ನಿಷಿದ್ಧ ಆಮದಾಗುತ್ತದೆ. ಖರ್ಜೂರ, ಅತ್ತರಿನ ಜೊತೆ ಗೆಳೆಯರಿಗೆಂದು ನಾಲ್ಕು ವೇಪ್ ತಂದವನು ತಾನು ಉಡುಗೊರೆ ತಂದೆನೆಂದೇ ಭಾವಿಸಿರುತ್ತಾನೆ. ಕಾಯಿದೆಯ ಕಣ್ಣಿನಲ್ಲಿ ಅದು ಆಮದು ಮತ್ತು ಹಂಚಿಕೆ. ನನ್ನ ವಿದ್ಯಾರ್ಥಿಗೂ ಇದು ಗೊತ್ತಿರಲಿಲ್ಲ. ವೀಸಾ, ಪಾಸ್‌ಪೋರ್ಟಿನ ಮೇಲೆ ಸಂಸಾರ ನಿಂತಿರುವವನಿಗೆ ಒಂದು ಪೊಲೀಸು ಮೊಕದ್ದಮೆ ಎಂದರೇನೆಂದು ನಾನು ವಿವರಿಸಬೇಕಾಗಲಿಲ್ಲ.

ಎಸೆದ ಮೇಲೆ ಎಲ್ಲಿಗೆ ಹೋಗುತ್ತದೆ?

ಬಳಸಿ ಎಸೆಯುವುದೆಂಬ ಹೆಸರಿನಲ್ಲೇ ಇದರ ಇನ್ನೊಂದು ದೋಷವಿದೆ. ಒಳಗಿರುವುದು ನೂರಾರು ಸಲ ಚಾರ್ಜ್ ಮಾಡಬಹುದಾದ ಜಾತಿಯ ಬ್ಯಾಟರಿ. ಚಿಕ್ಕ ವೇಪ್‌ಗಳಲ್ಲಿ ಚಾರ್ಜ್ ಮಾಡುವ ಕಿಂಡಿಯನ್ನೇ ಇಡದೆ, ಒಂದೇ ಬಳಕೆಗೆ ಅದನ್ನು ಕಸವಾಗಿಸುತ್ತಾರೆ. ನಮ್ಮ ಪಂಚಾಯತುಗಳಲ್ಲಿ ಮನೆಮನೆಯಿಂದ ಪ್ಲಾಸ್ಟಿಕ್ ಸಂಗ್ರಹಿಸುವ ಹರಿತಕರ್ಮ ಸೇನೆಯ ಹೆಣ್ಣುಮಕ್ಕಳನ್ನು ನೆನೆಯಿರಿ. ಒಣ ಪ್ಲಾಸ್ಟಿಕ್ ತುಂಬಿದ ಗೋಣಿಯೊಳಗೆ ಇಂಥದೊಂದು ಸೇರಿ, ಒತ್ತಡಕ್ಕೆ ಸಿಕ್ಕಿ ಬ್ಯಾಟರಿ ಜಜ್ಜಿದರೆ ಬೆಂಕಿ ಹತ್ತಬಹುದು. ಹಿತ್ತಿಲಿನಲ್ಲಿ ತರಗೆಲೆಯ ಜೊತೆ ಸುಟ್ಟರೆ ಅದು ಸಿಡಿಯಬಹುದು. ಒಳಗುಳಿದ ದ್ರವ ಚರ್ಮದ ಮೂಲಕವೂ ದೇಹ ಸೇರುತ್ತದೆ. ಅಂಬೆಗಾಲಿಡುವ ಮಗು ಬಾಯಿಗಿಟ್ಟರೆ ಪ್ರಾಣಾಪಾಯವುಂಟು.

ವೇಪನ್ನು ದೊಡ್ಡವರಿಗೆ ಒಪ್ಪಿರುವ ದೇಶಗಳೇ ಈ ಎಸೆಯುವ ಬಗೆಯನ್ನು ತಿರಸ್ಕರಿಸಿರುವುದು ಗಮನಾರ್ಹ. ಆಸ್ಟ್ರೇಲಿಯಾ 2024ರ ಜನವರಿಯಿಂದ ಇದರ ಆಮದನ್ನು ನಿಲ್ಲಿಸಿತು. 2025ರ ಜನವರಿಯಲ್ಲಿ ಬೆಲ್ಜಿಯಂ, ಫೆಬ್ರವರಿಯಲ್ಲಿ ಫ್ರಾನ್ಸ್, ಜೂನ್ 1ರಿಂದ ಬ್ರಿಟನ್ ಮಾರಾಟವನ್ನು ನಿಷೇಧಿಸಿದವು. ಮಕ್ಕಳನ್ನು ಸೆಳೆಯುತ್ತದೆಂಬುದು ಒಂದು ಕಾರಣ, ಕಸದ ರಾಶಿ ಇನ್ನೊಂದು. ಧೂಮಪಾನ ಬಿಡಿಸಲು ವೇಪನ್ನು ಶಿಫಾರಸು ಮಾಡುವ ಬ್ರಿಟನ್ನಿಗೂ ಬೇಡವಾದ ವಸ್ತು ಇದು.

ಹಾಗಾದರೆ ತೀರ್ಮಾನ?

ಒಳ್ಳೆಯ ಅಂಶಗಳು: ಬೆಂಕಿಯಿಲ್ಲ, ಟಾರ್ ಇಲ್ಲ, ಬಟ್ಟೆಗೆ ವಾಸನೆ ಹತ್ತುವುದಿಲ್ಲ. ಕೆಟ್ಟವು: ನಿಕೋಟಿನ್ ಅತಿಯಾದುದು, ನಿಲುಗಡೆ ಇಲ್ಲದುದು, ಒಳಗಿನ ದ್ರವಕ್ಕೆ ಯಾರೂ ಹೊಣೆಯಲ್ಲ, ತರುವುದು, ಕೊಡುವುದು ಅಪರಾಧ, ಎಸೆದರೆ ಅಪಾಯ, ಮನೆಯ ಮಕ್ಕಳ ಕೈಗೆ ಸುಲಭ. ಇವೆಲ್ಲವನ್ನೂ ತೂಗಿದಾಗ, ನಮ್ಮ ದೇಶದಲ್ಲಿ, ನಮ್ಮ ಪರಿಸ್ಥಿತಿಯಲ್ಲಿ, ಪ್ರಾಯಕ್ಕೆ ಬಂದವರ ದಿನನಿತ್ಯದ ಬಳಕೆಗೂ ಇದು ಯೋಗ್ಯವಲ್ಲವೆಂಬುದೇ ನನ್ನ ತೀರ್ಮಾನ. ಹಾಗೆಂದು ಸಿಗರೇಟಿಗೆ ಮರಳುವುದು ಉತ್ತರವಾಗದು. ಅದು ಇನ್ನೂ ಕೆಟ್ಟದ್ದು. ಎರಡನ್ನೂ ಬಿಡಬೇಕು, ಅದಕ್ಕೆ ನೆರವು ಪಡೆಯಬೇಕು.

ಆ ನೆರವು ನಮ್ಮ ಭಾಷೆಯಲ್ಲಿಯೇ ಇದೆಯೆಂಬುದು ಗಡಿನಾಡಿನಲ್ಲಿ ಬಹಳ ಮಂದಿಗೆ ತಿಳಿದಿಲ್ಲ. ನಮ್ಮ ಶಾಲೆಗೆ ಬಂದ ಜಾಗೃತಿ ಫಲಕ ಮಲಯಾಳದಲ್ಲಿ ಮಾತ್ರ ಇತ್ತು. ಮಕ್ಕಳೇ ಅದನ್ನು ಕನ್ನಡದಲ್ಲಿ ಬರೆದು ಪಕ್ಕದಲ್ಲಿ ತೂಗುಹಾಕಿದರು. ಮಲಯಾಳ ಓದಬಲ್ಲ ಮಕ್ಕಳಿಗೆ ಅದು ಹೇಗೂ ಅರ್ಥವಾಗುತ್ತಿತ್ತು. ಕನ್ನಡದ ಫಲಕ ಬೇಕಾಗಿದ್ದುದು ಸಭೆಗೆ ಬರುವ ಅವರ ತಾಯಂದಿರಿಗೆ. ತಂಬಾಕು ಬಿಡಲು ರಾಷ್ಟ್ರೀಯ ಸಹಾಯವಾಣಿಯೊಂದಿದೆ. ಸಿಗರೇಟಿನ ಪ್ಯಾಕಿನ ಮೇಲೆಯೇ ಅಚ್ಚಾಗಿರುವ ಅದರ ಸಂಖ್ಯೆ 1800-11-2356, ಕರೆಗೆ ಶುಲ್ಕವಿಲ್ಲ. ದಕ್ಷಿಣದ ಭಾಷೆಗಳವರಿಗಾಗಿ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಅದರ ಕೇಂದ್ರವಿದ್ದು, ಕನ್ನಡ, ಮಲಯಾಳ, ತಮಿಳು, ತೆಲುಗು ನಾಲ್ಕರಲ್ಲಿಯೂ ಸಲಹೆಗಾರರು ಮಾತನಾಡುತ್ತಾರೆ. ಕಾಸರಗೋಡಿನವನಾಗಲಿ, ಹೊಸೂರಿನವನಾಗಲಿ, ಮಡಕಶಿರದವನಾಗಲಿ ಕನ್ನಡದಲ್ಲಿ ತನ್ನ ಕಷ್ಟ ಹೇಳಿಕೊಳ್ಳಬಹುದು. ಬಿಡುವ ದಿನವನ್ನು ನಿಗದಿ ಮಾಡುವುದು, ಮೊದಲ ವಾರದ ಚಡಪಡಿಕೆಯನ್ನು ದಾಟುವುದು, ನಿಕೋಟಿನ್ ಚೂಯಿಂಗ್ ಗಮ್ ಅಥವಾ ಪಟ್ಟಿಯನ್ನು ವೈದ್ಯರ ಸಲಹೆಯಂತೆ ಬಳಸಿ ಕ್ರಮೇಣ ತಗ್ಗಿಸುವುದು, ಎಲ್ಲಕ್ಕೂ ಅವರು ಜೊತೆಯಾಗುತ್ತಾರೆ. ಆ ಗಮ್ಮಿನಲ್ಲಿ ಒಂದಕ್ಕೆ 2 ಅಥವಾ 4 ಮಿಲಿಗ್ರಾಂ ಎಂದು ಅಳೆದು ಹಾಕಿರುತ್ತಾರೆ. ಅಳತೆಯಿದ್ದರೆ ಇಳಿಸಲೂ ಬರುತ್ತದೆ.

ಪಾಲಕರಿಗೆ ಒಂದು ಮಾತು. ಪೆನ್‌ಡ್ರೈವಿನಂತೆ, ಹೈಲೈಟರ್ ಪೆನ್ನಿನಂತೆ, ಲಿಪ್‌ಸ್ಟಿಕ್ಕಿನಂತೆ ಕಾಣುವ, ಒಂದು ತುದಿಯಲ್ಲಿ ಚಪ್ಪಟೆ ಬಾಯಿ ಇನ್ನೊಂದು ತುದಿಯಲ್ಲಿ ದೀಪವಿರುವ, ಹಣ್ಣಿನ ವಾಸನೆಯ ವಸ್ತು ಕಂಡರೆ ಸುಮ್ಮನೆ ಎತ್ತಿಡಬೇಡಿ, ಏನೆಂದು ಕೇಳಿ. ಹೊಡೆಯಬೇಡಿ. ಹೊಡೆತ ತಿಂದ ಮಗು ಮುಂದಿನದನ್ನು ಇನ್ನೂ ಚೆನ್ನಾಗಿ ಅಡಗಿಸುವುದನ್ನು ಕಲಿಯುತ್ತದೆ. ಕೊಟ್ಟವರು ಯಾರೆಂದು ತಿಳಿದು ಶಾಲೆಗೆ ತಿಳಿಸಿ.

ನನ್ನ ವಿದ್ಯಾರ್ಥಿ ರಜೆ ಮುಗಿಯುವ ಮೊದಲೇ ನಮ್ಮ ಜಗಲಿಯಲ್ಲಿ ಕುಳಿತು ಆ ಸಂಖ್ಯೆಗೆ ಕರೆ ಮಾಡಿದ. ಮೊದಲು ಇಂಗ್ಲಿಷಿನಲ್ಲಿ ತಡವರಿಸಿದವನು, ಅತ್ತಲಿಂದ ಕನ್ನಡ ಕೇಳಿದೊಡನೆ ಎದ್ದು ಅಂಗಳಕ್ಕೆ ಹೋದ. ಅರ್ಧ ಗಂಟೆ ಕಳೆದು ಒಳಬಂದ. ಏನು ಮಾತಾಯಿತೆಂದು ನಾನು ಕೇಳಲಿಲ್ಲ. “ತಮ್ಮನಿಗೆ ನಾನೇ ಹೇಳುತ್ತೇನೆ, ಟೀಚರ್” ಎಂದಷ್ಟೇ ಹೇಳಿ ಹೊರಟ.